ಕಟರಿನ್ ಯಾರ ಕಡೆ

ಒಲೆಯ ಬಾಯಿಂದ ಕೊನೆಯ ಸಾಲಿನ ಬ್ರೆಡ್ಡುಗಳನ್ನು ಉದ್ದ ಹಿಡಿಯ ಹಲಗೆಯಲ್ಲಿ ಹೊರಗೆಳೆಯುತ್ತಿದ್ದಾಗ ಜೆಮ್ಮಾಳ ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿತು. ಅಮ್ಮ ಸತ್ತ ಮನೆಯಲ್ಲಿ ಒಲೆ ಉರಿಸುವುದೇ ಎಂದು ಯಾರಾದರೂ ಆಡಿಕೊಳ್ಳಬಹುದು ಅಂದುಕೊಂಡೇ ಅವಳು ತಿರುಗಿದಳು. ಬಂದವಳು ಪಕ್ಕದ ಮನೆಯ ಮೆನಾ. ಕಪ್ಪು ಶಾಲು ಹೊದ್ದಿದ್ದಳು. ಕಂಕುಳಲ್ಲಿ ಬ್ರೆಡ್ಡಿಗೆಂದು ತಂದ ಚೀಲವೂ ಇತ್ತು.

"ಒಳ್ಳೇದಾಯ್ತು ಬೇಯಿಸಿದ್ದು. ಊರಿನವರು ಇವತ್ತೂ ತಿನ್ನಬೇಕಲ್ಲ," ಎಂದು ಮೆನಾ ಹಿಟ್ಟಿನ ಮೂಟೆಯ ಮೇಲೆ ಕುಳಿತಳು. "ಚೌಕದಲ್ಲಿ ಏನು ನಡೀತಿದೆ ಗೊತ್ತಾ? ಎರಡು ಪಕ್ಷಗಳ ಕ್ಲಬ್ಬಿನವರೂ ಬಾವುಟ ಇಸ್ತ್ರಿ ಮಾಡಿಸ್ತಿದ್ದಾರೆ."

"ಯಾಕೆ?"

"ನಿಮ್ಮಮ್ಮನ ಶವಪೆಟ್ಟಿಗೆ ಮೇಲೆ ಹೊದಿಸೋಕೆ. ದೀವಟಿಗೆ ಪಕ್ಷದವರು ನಮ್ಮೋಳು ಅಂತಾರೆ. ಚರ್ಚಿನ ಕಡೆಯ ಪಕ್ಷದವರು, ಅಷ್ಟೊಂದು ಜಪಮಾಲೆ ಎಣಿಸಿದೋಳು ನಮ್ಮೋಳಲ್ಲದೆ ಇನ್ಯಾರೋಳು ಅಂತಾರೆ." ಮೆನಾ ದನಿ ತಗ್ಗಿಸಿದಳು. "ನಿಂಗಾದ್ರೂ ಹೇಳಿದ್ಲೇನೇ?"

"ಏನನ್ನ?"

"ಅದೇ."

ಆ ಊರಿನಲ್ಲಿ 'ಅದೇ' ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇಕರಿಯ ಕಟರಿನ್ ಯಾರಿಗೆ ಮತ ಹಾಕುತ್ತಾಳೆ ಎನ್ನುವ ಪ್ರಶ್ನೆ ಅದು. ಅವಳು ತಣ್ಣಗೆ ಒಳಕೋಣೆಯಲ್ಲಿ ಮಲಗಿದ್ದಳು. ಪ್ರಶ್ನೆ ಮಾತ್ರ ಇನ್ನೂ ಬಿಸಿಯಾಗಿತ್ತು.

"ಇಲ್ಲ," ಎಂದಳು ಜೆಮ್ಮಾ. ಮೆನಾ ನಂಬಲಿಲ್ಲ.

*

ಮಾಲ್ಟಾದ ಹೆಂಗಸರಿಗೆ ಮೊದಲ ಸಲ ಮತ ಬಂದದ್ದು ಯುದ್ಧ ಮುಗಿದ ಮೇಲೆ. ಅಲ್ಲಿಯವರೆಗೆ ದ್ವೀಪವನ್ನು ಆಳುತ್ತಿದ್ದವರು ಇಂಗ್ಲೆಂಡಿನ ರಾಜ, ಅವನ ಪರವಾಗಿ ವಲೆಟ್ಟಾದ ಅರಮನೆಯಲ್ಲಿದ್ದ ಗವರ್ನರು. ಈಗ ನಿಮ್ಮ ಮನೆ ನೀವೇ ನೋಡಿಕೊಳ್ಳಿ ಎಂದಿದ್ದಾರಂತೆ ಎಂಬ ಸುದ್ದಿ ಬೇಕರಿಗೂ ಬಂತು. ಆಗ ಜೆಮ್ಮಾ ಶಾಲೆಗೆ ಹೋಗುವ ಹುಡುಗಿ.

ಒಂದು ಮಧ್ಯಾಹ್ನ ಕಟರಿನ್ ನಾದುವ ಹಲಗೆಯ ಮೇಲೆ ಹಿಟ್ಟು ಹರವಿ, "ಒಂದು ಅಂತ ಬರಿ ನೋಡೋಣ," ಎಂದಳು ಮಗಳಿಗೆ. ಜೆಮ್ಮಾ ಬೆರಳಿನಿಂದ ಬರೆದಳು. "ಎರಡು?" ಅದನ್ನೂ ಬರೆದಳು. ಅಲ್ಲಿನ ಮತಚೀಟಿಯಲ್ಲಿ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ತಮ್ಮ ಇಷ್ಟದ ಕ್ರಮದಲ್ಲಿ ಬರೆಯಬೇಕಿತ್ತು. ಕಟರಿನ್‌ಗೆ ಓದುಬರಹವಿರಲಿಲ್ಲ. ಮಗಳ ಅಂಕಿಯ ಮೇಲೇ ತನ್ನ ದಪ್ಪ ಬೆರಳಾಡಿಸಿ, ಅಳಿಸಿ, ಮತ್ತೆ ಬರೆದಳು. ಆಮೇಲೆ ಗೋಡೆಯ ಮೇಲಿನ ಜಾಹೀರಾತುಗಳಲ್ಲಿದ್ದ ಅಭ್ಯರ್ಥಿಗಳ ಹೆಸರುಗಳನ್ನು ಓದಿಸಿ, ಒಂದೊಂದರ ಆಕಾರವನ್ನೂ ಕಣ್ಣಲ್ಲಿ ಕೂರಿಸಿಕೊಂಡಳು.

"ಇಷ್ಟೆಲ್ಲ ಯಾಕಮ್ಮಾ? ಓದೋಕೆ ಬರದವರು ಬಾಯಲ್ಲಿ ಹೇಳಿದ್ರೆ ಅಧಿಕಾರಿನೇ ಬರ್ಕೋತಾರಂತೆ."

"ನಿಮ್ಮಜ್ಜ ಬಾಯಲ್ಲೇ ಹೇಳಿದ್ದ," ಎಂದಳು ಕಟರಿನ್. "ಗಂಡಸರಿಗೆ, ಅದರಲ್ಲೂ ಕೆಲವರಿಗೆ ಮಾತ್ರ ಮತ ಇದ್ದ ಕಾಲ. ಹೊಲದ ಧಣಿಯ ಕಡೆಯವನು ಅಲ್ಲೇ ಕೂತು ಕೇಳಿಸಿಕೊಂಡ. ಮುಂದಿನ ಬೆಳೆಗೆ ನಮಗೆ ಹೊಲ ಇರಲಿಲ್ಲ."

ಆಮೇಲೆ ಅವಳು ಅದೇ ಹಿಟ್ಟನ್ನು ನಾದಿ ಒಲೆಗೆ ಹಾಕಿದಳು.

ಮತದಾನದ ದಿನ ಅಪ್ಪ ವಿಸ್ಟಿನ್ ಊಟಕ್ಕೆ ಕೂತವನೇ ಕೇಳಿದ. ಹಡಗುಕಟ್ಟೆಯಲ್ಲಿ ಕೆಲಸ, ಕಾರ್ಮಿಕ ಸಂಘದ ಮುಂದಾಳು, ದೀವಟಿಗೆ ಪಕ್ಷವೆಂದರೆ ಪ್ರಾಣ. "ನಾನು ಹೇಳಿದೋರಿಗೇ ತಾನೇ ಹಾಕಿದ್ದು?"

"ಸೂಪು ಆರುತ್ತೆ, ಕುಡಿ," ಎಂದಳು ಕಟರಿನ್.

ಅಂದಿನಿಂದ ಪ್ರತಿ ಚುನಾವಣೆಯ ರಾತ್ರಿಯೂ ಆ ಮನೆಯಲ್ಲಿ ಸೂಪು ಆರುತ್ತಿತ್ತು.

*

ಪೆಟ್ಟಿಗೆಯನ್ನು ಹೊರಗೆ ತಂದಾಗ ಮನೆಯ ಮೆಟ್ಟಿಲ ಬಳಿ ಇಬ್ಬರು ನಿಂತಿದ್ದರು. ದೀವಟಿಗೆ ಕ್ಲಬ್ಬಿನ ಸಲ್ವು, ಎದುರು ಕ್ಲಬ್ಬಿನ ಇಂದ್ರಿ. ಇಬ್ಬರ ಕೈಯಲ್ಲೂ ಮಡಿಸಿದ ಬಾವುಟ.

"ಹೋದ ವಾರ ಇಂಗ್ಲೆಂಡ್ ರಾಣಿ ಆಳ್ವಿಕೆ ಹೋಯ್ತು, ಗಣರಾಜ್ಯ ಬಂತು," ಎಂದ ಸಲ್ವು. "ಅದನ್ನ ನೋಡ್ಕೊಂಡೇ ನಿಮ್ಮಮ್ಮ ಕಣ್ಣು ಮುಚ್ಚಿದ್ಲು ಜೆಮ್ಮಾ. ಇದಕ್ಕಿಂತ ಸಾಕ್ಷಿ ಬೇಕಾ?"

"ಗಣರಾಜ್ಯ ನೋಡೇ ಎದೆ ಒಡೀತೇನೋ," ಎಂದ ಇಂದ್ರಿ. "ಅವಳು ನಮ್ಮೋಳು. ಹಬ್ಬದ ಸಂತನ ದೀಪಕ್ಕೆ ಎಣ್ಣೆ ತಪ್ಪಿಸಿದೋಳಲ್ಲ."

"ನಿಮ್ಮೋರೇ ತಾನೇ ಅವಳಿಗೆ ಪ್ರಸಾದ ಇಲ್ಲ ಅಂದಿದ್ದು?"

"ನಿಮ್ಮೋರೇ ತಾನೇ ಆಮೇಲೆ ಅವಳ ಹತ್ರ ಬ್ರೆಡ್ ಕೊಳ್ಳೋದು ಬಿಟ್ಟಿದ್ದು?"

ಎರಡು ಮಾತೂ ನಿಜವಾಗಿತ್ತು. ಹೆಗಲು ಕೊಡಲು ಬಂದವರು ಕಾಲು ಬದಲಿಸುತ್ತ ನಿಂತರು. ಜೆಮ್ಮಾ ಅಪ್ಪನ ಕಡೆ ನೋಡಿದಳು. ವಿಸ್ಟಿನ್ ಟೋಪಿಯ ಅಂಚು ಹಿಡಿದುಕೊಂಡು ನೆಲ ನೋಡುತ್ತಿದ್ದ. ಅವನ ಕಣ್ಣು ಒಮ್ಮೆ ಸಲ್ವುವಿನ ಕೈಯ ಬಾವುಟದ ಮೇಲೆ ಹೋಗಿ ಬಂತು. ಆಸೆ ಇತ್ತು.

"ಬಾವುಟ ಬೇಡ," ಎಂದಳು ಜೆಮ್ಮಾ. "ಇಬ್ಬರೂ ಒಂದೊಂದು ಕಡೆ ಹೆಗಲು ಕೊಡಿ. ಆಗಲ್ಲ ಅಂದ್ರೆ ದಾರಿ ಬಿಡಿ."

ಸಲ್ವು ಗಿಡ್ಡ, ಇಂದ್ರಿ ಉದ್ದ. ಪೆಟ್ಟಿಗೆ ಇಡೀ ದಾರಿ ಒಂದು ಕಡೆಗೆ ವಾಲಿಕೊಂಡೇ ಚರ್ಚಿಗೆ ಹೋಯಿತು.

*

ಚರ್ಚೂ ದೀವಟಿಗೆ ಪಕ್ಷವೂ ಹಾವು ಮುಂಗುಸಿಯಾಗಿದ್ದ ವರ್ಷಗಳಲ್ಲಿ ಆ ಪಕ್ಷಕ್ಕೆ ಮತ ಹಾಕುವುದೇ ಪಾಪವಾಗಿತ್ತು. ಮಾಲ್ಟಾದ ಸ್ವಾತಂತ್ರ್ಯಕ್ಕೆ ಮೊದಲಿನ ಕೊನೆಯ ಚುನಾವಣೆಯ ನಂತರದ ಶನಿವಾರ ಕಟರಿನ್ ಪಾಪನಿವೇದನೆಗೆ ಮಂಡಿಯೂರಿದಳು. ಅವಳ ಹಿಂದೆಯೇ ಜೆಮ್ಮಾ ಸಾಲಿನಲ್ಲಿದ್ದಳು. ಜಾಲರಿಯ ಆಚೆಯಿದ್ದ ದುನ್ ಅಲ್ವಿಜ್ ಪಾದ್ರಿಗಳಿಗೆ ಕಿವಿ ಮಂದ. ಹಾಗಾಗಿ ಅವರ ಗುಟ್ಟಿನ ಮಾತೂ ಅರ್ಧ ಚರ್ಚಿಗೆ ಕೇಳುತ್ತಿತ್ತು.

"ಯಾರಿಗೆ ಹಾಕಿದೆ?"

"ನನ್ನ ಪಾಪ ಕೇಳಿ ಸ್ವಾಮಿ, ಹೇಳ್ತೀನಿ. ಅದನ್ನ ಮತದ ಪೆಟ್ಟಿಗೆಗೆ ಹೇಳಿ ಬಂದಿದ್ದೀನಿ."

"ಅವರಿಗೆ ಹಾಕಿಲ್ಲ ಅಂತ ಒಂದು ಮಾತು ಹೇಳು. ಸಾಕು."

"ಯಾರಿಗೆ ಹಾಕಿಲ್ಲ ಅಂದ್ರೂ ಹೇಳಿದ ಹಾಗೇ ಆಯ್ತಲ್ಲ ಸ್ವಾಮಿ."

ಪಾಪಕ್ಷಮೆ ಸಿಗಲಿಲ್ಲ, ಅದಿಲ್ಲದೆ ಚರ್ಚಿನಲ್ಲಿ ಪ್ರಸಾದವೂ ಇಲ್ಲ. ಮರುದಿನ ಭಾನುವಾರದ ಮಾಂಸ, ಆಲೂಗಡ್ಡೆಯ ತಟ್ಟೆಗಳನ್ನು ಬೇಕರಿಯ ಒಲೆಯಲ್ಲಿ ಬೇಯಿಸಲು ಹೆಂಗಸರು ತರಲಿಲ್ಲ. ಅವತ್ತೇ ಸಂಜೆ ವಿಸ್ಟಿನ್‌ನ ಗೆಳೆಯರು ವೈನಿನ ಸೀಸೆ ಹಿಡಿದು ಬಂದು, ಪಾದ್ರಿಗೆ ಸರಿಯಾಗಿ ಕೊಟ್ಟಳು ನಮ್ಮ ಕಟರಿನ್ ಎಂದು ಕುಣಿದರು. ಕಟರಿನ್ ಕೈ ಒರೆಸಿಕೊಳ್ಳುತ್ತ ಹೊರಬಂದು ಕೇಳಿದಳು: "ನಾನು ನಿಮಗೆ ಹಾಕಿದೆ ಅಂತ ಯಾರು ಹೇಳಿದ್ರು?"

ಸೀಸೆಯ ಸಮೇತ ಅವರೂ ಹೋದರು. ಒಲೆ ಅರ್ಧ ಖಾಲಿಯೇ ಉರಿಯಿತು.

ಮರುವರ್ಷ ಜೆಮ್ಮಾಳ ಮದುವೆ. ಎಲ್ಲರೂ ಪರಮಪ್ರಸಾದಕ್ಕೆ ಎದ್ದು ಹೋದಾಗ ಮದುಮಗಳ ತಾಯಿ ಕೊನೆಯ ಬೆಂಚಿನಲ್ಲಿ ಒಬ್ಬಳೇ ಮಂಡಿಯೂರಿ ಉಳಿದಳು. ಗಂಡನ ಮನೆಯವರು ತಿರುಗಿ ತಿರುಗಿ ನೋಡಿದರು. ಸಂಜೆ ಜೆಮ್ಮಾ ಅತ್ತಳು.

"ನನಗೋಸ್ಕರ ಒಂದು ಮಾತು ಹೇಳೋಕಾಗಲಿಲ್ವಾ ನಿಂಗೆ?"

ಕಟರಿನ್ ಮಗಳ ತಲೆಯ ಮೇಲಿನ ಮಲ್ಲಿಗೆಯ ಕಿರೀಟವನ್ನು ಸರಿಮಾಡುತ್ತ, "ನಾನು ಇವತ್ತು ಹೇಳಿದ್ರೆ, ನಾಳೆ ನಿನ್ನ ಕೇಳ್ತಾರೆ," ಎಂದಳು.

ಜೆಮ್ಮಾ ಬಹಳ ದಿನ ಅವಳ ಜೊತೆ ಮಾತು ಬಿಟ್ಟಿದ್ದಳು. ಕೆಲವು ವರ್ಷಗಳಲ್ಲಿ ಚರ್ಚಿಗೂ ಪಕ್ಷಕ್ಕೂ ರಾಜಿಯಾಯಿತು, ಜಾಲರಿಯ ಆಚೆಯಿಂದ ಆ ಪ್ರಶ್ನೆ ಬರುವುದು ನಿಂತಿತು. ಕಟರಿನ್ ಮರುಭಾನುವಾರವೇ ಸಾಲಿನಲ್ಲಿ ನಿಂತು ಪ್ರಸಾದ ತೆಗೆದುಕೊಂಡು, ನೇರ ಮನೆಗೆ ಬಂದು ಒಲೆಗೆ ಸೌದೆ ಹಾಕಿದಳು. ತಟ್ಟೆಗಳು ಒಂದೊಂದಾಗಿ ವಾಪಸು ಬಂದವು. ಶಾಲಿನಡಿ ಅಡಗಿಸಿ ಮೊದಲು ತಂದವಳು ಮೆನಾ.

*

ಸ್ಮಶಾನದಲ್ಲಿ ಸಮುದ್ರದ ಗಾಳಿ ಜೋರಾಗಿತ್ತು. ಕುಟುಂಬದ ಸಮಾಧಿಯ ಕಲ್ಲನ್ನು ಮುಚ್ಚಿದ ಮೇಲೆ ಜನ ಚದುರಿದರು. ಸಲ್ವು, ಇಂದ್ರಿ ಹೆಗಲು ಉಜ್ಜಿಕೊಳ್ಳುತ್ತ ಒಂದೇ ದಾರಿಯಲ್ಲಿ ಹೋದರು. ಆಗ ಗೇಟಿನ ಕಡೆಯಿಂದ ಕೋಲೂರಿಕೊಂಡು ದುನ್ ಅಲ್ವಿಜ್ ಬಂದರು. ನಿವೃತ್ತರಾಗಿ, ಕಣ್ಣಿಗೆ ಪೊರೆ ಬಂದು, ಯಾರನ್ನೂ ನೋಡದೆ ಮನೆ ಸೇರಿದ್ದವರು. ಜೆಮ್ಮಾಳ ಕೈ ಹಿಡಿದು ಪ್ರಾರ್ಥನೆ ಹೇಳಿದರು. ಕೈ ಬಿಡಲಿಲ್ಲ.

"ಮಗಳೇ, ಈಗ ನನಗೆ ಅಧಿಕಾರವೂ ಇಲ್ಲ, ಅದು ಪಾಪವೂ ಅಲ್ಲ. ಸುಮ್ಮನೆ ಕೇಳ್ತೀನಿ. ನಿನಗೆ ಹೇಳಿದ್ಲಾ?"

ಹೋದ ತಿಂಗಳು ಹಾಸಿಗೆಯ ಪಕ್ಕ ಕೂತು ಜೆಮ್ಮಾಳೂ ಕೇಳಿದ್ದಳು. ನಕ್ಕರೆ ಕೆಮ್ಮು ಬರುತ್ತಿದ್ದರೂ ಅಮ್ಮ ನಕ್ಕಿದ್ದಳು. "ನಿಂಗೂನಾ?" ಎಂದಿದ್ದಳು.

"ಇಲ್ಲ ಸ್ವಾಮಿ," ಎಂದು ಜೆಮ್ಮಾ ಅವರ ಕಿವಿಯ ಬಳಿ ಜೋರಾಗಿ ಹೇಳಿದಳು.

"ಹಾಗಾದ್ರೆ ಅವನಿಗೆ ಹೇಳಿರ್ತಾಳೆ," ಎಂದು ಪಾದ್ರಿ ಕೋಲಿನಿಂದ ಕಲ್ಲಿನ ಬಳಿ ನಿಂತಿದ್ದ ವಿಸ್ಟಿನ್ ಕಡೆ ತೋರಿಸಿದರು. ಪಾಪನಿವೇದನೆಯ ಆ ಶನಿವಾರದ ನಂತರ ಇಬ್ಬರೂ ಒಬ್ಬರಿಗೊಬ್ಬರು ಟೋಪಿ ಎತ್ತಿ ವಂದಿಸಿದವರಲ್ಲ.

ವಿಸ್ಟಿನ್ ಎರಡು ಹೆಜ್ಜೆ ಹತ್ತಿರ ಬಂದು ದನಿ ಏರಿಸಿದ. "ನನಗಾ? ಕೊನೆಗೆ ನಿಮ್ಮ ಹತ್ರ ಪಾಪನಿವೇದನೆಯಲ್ಲಿ ಹೇಳೇ ಇರ್ತಾಳೆ ಅಂತ ನಾನು ಇಷ್ಟು ವರ್ಷ ನಿದ್ದೆ ಕೆಡಿಸಿಕೊಂಡಿದ್ದೀನಿ."

"ನನ್ನ ಹತ್ರ ಏನೂ ಹೇಳಿಲ್ಲಪ್ಪ. ಗಂಡನಿಗೆ ಹೇಳಿ ನನಗೆ ಮುಚ್ಚಿಟ್ಟಳು ಅಂತ ನನಗೇ ಉರಿ."

ಅವರು ಕೋಲಿನ ತುದಿಯಿಂದ ಸಮಾಧಿಯ ಕಲ್ಲನ್ನು ತಟ್ಟಿದರು.

"ನಿಮಗೇ ಹಾಕಿರ್ತಾಳೆ," ಎಂದರು ಪಾದ್ರಿ. "ಅಷ್ಟು ಹಟ ನಿಮ್ಮೋರಿಗೇ ಇರೋದು."

"ಇಲ್ಲ ಸ್ವಾಮಿ, ನಿಮ್ಮ ಕಡೆಗೇ. ನನ್ನ ಮುಖ ನೋಡಿ ಅಷ್ಟು ತಣ್ಣಗೆ ನಗ್ತಿದ್ಲು."

"ಕೂತ್ಕೊಂಡು ಮಾತಾಡೋಣ, ಕಾಲು ನೋಯುತ್ತೆ."

ಕಾವಲುಗಾರ ಬೀಗದ ಕೈ ಅಲ್ಲಾಡಿಸುತ್ತ ಜೆಮ್ಮಾಳ ಕಡೆ ನೋಡಿದ. ಅವಳು ಇನ್ನೂ ಸ್ವಲ್ಪ ಹೊತ್ತು ಎಂದು ಕೈ ಮಾಡಿದಳು. ಸಮಾಧಿಗಳಾಚೆಯ ಮೋಟುಗೋಡೆಯ ಮೇಲೆ ಇಬ್ಬರು ಮುದುಕರು ಗಾಳಿಗೆ ಬೆನ್ನು ಕೊಟ್ಟು, ಮೊಳಕಾಲಿಗೆ ಮೊಳಕಾಲು ತಾಗಿಸಿ ಕುಳಿತಿದ್ದರು. ವಿಸ್ಟಿನ್ ಪಾದ್ರಿಯ ಮಂದ ಕಿವಿಯ ಬಳಿ ಬಾಯಿಗೆ ಕೈ ಮರೆಮಾಡಿಕೊಂಡು ಏನೋ ಕೂಗುತ್ತಿದ್ದ. ಪಾದ್ರಿ ತಲೆಯಲ್ಲಾಡಿಸಿ ಅಲ್ಲ, ಅಲ್ಲ ಎನ್ನುತ್ತಿದ್ದರು.