ಏರಿಗೆ ಸಾಲದ ಡೀಸೆಲ್

ಡೀಸೆಲ್ ಇಲ್ಲದೆ ಬಸ್ಸು ಓಡಿಸುವವರು ಮೂರು ಲೋಕದಲ್ಲಿ ಇಬ್ಬರೇ. ಒಬ್ಬ ದೇವರು, ಇನ್ನೊಬ್ಬ ನಾನು. ದೇವರನ್ನು ನಮ್ಮ ಗುಡ್ಡದ ರಸ್ತೆಯಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಿಲ್ಲ, ಆದ್ದರಿಂದ ಸದ್ಯಕ್ಕೆ ನಾನೊಬ್ಬನೇ ಎಂದರೂ ತಪ್ಪಿಲ್ಲ. ನಾನು ಗೇರು ಹಾಕಿದರೆ ಇಂಜಿನ್‌ಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಮಲಗಿದ್ದ ಮಗು ತಿರುವಿನಲ್ಲೂ ಮಗ್ಗಲು ಬದಲಿಸಿದ್ದನ್ನು ಒಬ್ಬರೂ ಕಂಡವರಿಲ್ಲ.

ಇದೆಲ್ಲ ಎಣ್ಣೆ ಕಮ್ಮಿಯಾದ ಕಾಲದ ಮಾತು. ಸಮುದ್ರದಾಚೆಯ ಬಾವಿಗಳು ಬತ್ತುತ್ತಿವೆ ಎಂದು ರೇಡಿಯೋ ಹೇಳುತ್ತಿತ್ತು. ನಮಗೆ ಅದು ತಿಳಿದದ್ದು ಡಿಪೋದ ನೆಲದಡಿಯ ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿದಾಗ. ಮೊದಲು ಮೊಣಕಾಲಿನವರೆಗೆ ಒದ್ದೆಯಾಗಿ ಬರುತ್ತಿದ್ದ ಕಡ್ಡಿ, ಆಮೇಲೆ ಪಾದ ಮಾತ್ರ ತೊಳೆದುಕೊಂಡು ಬರತೊಡಗಿತು. ಬಸ್ಸುಗಳು ಒಂದೊಂದಾಗಿ ಶೆಡ್ಡು ಸೇರಿದವು. ಗುಡ್ಡ ದಾಟಿ ಆಚೆ ಪೇಟೆಗೆ ಹೋಗುವುದು ನನ್ನ ಬಸ್ಸೊಂದೇ ಉಳಿಯಿತು.

ಆಚೆ ಪೇಟೆಯಲ್ಲಿ ಆಸ್ಪತ್ರೆ. ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಯಂತ್ರ. ಆ ಯಂತ್ರಕ್ಕೆ ವಾರಕ್ಕೆರಡು ಸಲ ನನ್ನ ಅಕ್ಕನ ಕೈ ಒಪ್ಪಿಸಬೇಕು. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಒಂದು ಸಲ ತಪ್ಪಿದರೆ ಮುಖ ಊದುತ್ತದೆ, ಎರಡು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ, ಮೂರನೆಯದರ ಬಗ್ಗೆ ಡಾಕ್ಟರು ಮಾತಾಡುತ್ತಿರಲಿಲ್ಲ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ನನ್ನ ಬಸ್ಸಿನ ಕಂಡಕ್ಟರು. ಹಾಗಾಗಿ ಬಸ್ಸು ನಮ್ಮ ಮನೆಯದೇ ಒಂದು ಕೋಣೆ ಇದ್ದ ಹಾಗೆ. ಚಕ್ರ ಇದ್ದವು ಅಷ್ಟೇ.

ಉಳಿತಾಯದ ವಿದ್ಯೆಯನ್ನು ನಾನು ಕಲಿತದ್ದಲ್ಲ, ಸೃಷ್ಟಿಸಿದ್ದು. ಏರಿನ ಬುಡದಲ್ಲಿ ನಿಲ್ಲಿಸಿ ಒಂದು ಕೂಗು ಹಾಕುತ್ತಿದ್ದೆ, "ಕಾಲಿದ್ದೋರೆಲ್ಲ ಇಳೀರಪ್ಪಾ!" ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರೂ ಇಳಿದು ಬಸ್ಸಿನ ಪಕ್ಕದಲ್ಲೇ ನಡೆಯುತ್ತಿದ್ದರು. ಸೊಪ್ಪು ಮಾರುವಾಕೆ ಒಂದೊಂದು ಸಲ ಬಸ್ಸಿಗಿಂತ ಮುಂದೆ ಹೋಗಿ, "ಏನಪ್ಪಾ ಡ್ರೈವರು, ನಿನ್ ಬಸ್ನೂ ತಲೆ ಮೇಲೆ ಹೊತ್ಕೊಳ್ಳಾ?" ಎಂದು ಕಿಚಾಯಿಸುತ್ತಿದ್ದಳು. ನೆತ್ತಿ ತಲುಪಿದ ಮೇಲೆ ಬ್ರೇಕಿಗೆ ಬೇಕಾದ ಗಾಳಿ ತುಂಬಿ ಮೀಟರಿನ ಮುಳ್ಳು ತುದಿ ಮುಟ್ಟುವವರೆಗೆ ಕಾದು, ಇಂಜಿನ್ ಆರಿಸಿ ಬಿಡುತ್ತಿದ್ದೆ. ಆಮೇಲೆ ಆಸ್ಪತ್ರೆಯ ಗೇಟಿನವರೆಗೂ ಬರೀ ಇಳಿಜಾರು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಕ್ಕಿಗಳು ನಮ್ಮನ್ನು ತಮ್ಮ ಪೈಕಿ ಎಂದುಕೊಂಡು ಮಾತಾಡಿಸುತ್ತಿದ್ದವು.

ಹೀಗೆ ಉಳಿದ ಡೀಸೆಲ್ ಟ್ಯಾಂಕಿನಲ್ಲೇ ಇರಬೇಕು. ಅದು ಹಳೇ ಡ್ರೈವರುಗಳ ಕಟ್ಟಳೆ: ಉಳಿಸು, ಆದರೆ ಬಾಯಿ ಬಿಡಬೇಡ. ನಾನು ಬಾಯಿ ಮುಚ್ಚುವ ಜಾತಿಯವನೇ? ಒಂದು ಸಂಜೆ ಉಳಿದದ್ದನ್ನು ಕ್ಯಾನಿಗೆ ಇಳಿಸಿಕೊಂಡು ಡಿಪೋ ಸಾಹೇಬರ ಮೇಜಿನ ಮೇಲೆ ಕುಕ್ಕಲು ಹೊರಟೆ.

ಭಾವ ತೋಳು ಹಿಡಿದರು. "ಬೇಡ ಕಣೋ. ಟ್ಯಾಂಕಲ್ಲಿದ್ರೆ ನಿಮ್ಮಕ್ಕನಿಗೆ ಆಗತ್ತೆ. ಮೇಜಿನ ಮೇಲಿಟ್ರೆ ಯಾರಿಗಾಗತ್ತೆ?"

"ಭಾವ, ಊರಿಗೆ ಗೊತ್ತಾಗ್ಲಿ ಬಿಡಿ, ಎಂಥವನು ನಿಮ್ಮ ಭಾವಮೈದ ಅಂತ."

"ಊರಿಗೆ ಗೊತ್ತು. ಅದಕ್ಕೇ ಹೇಳ್ತಿರೋದು."

ಸಾಹೇಬರು ಕ್ಯಾನನ್ನು ಎತ್ತಿ ನೋಡಿ ಎದ್ದು ನಿಂತರು. ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಂದು ಮನೆ ಬಾಗಿಲು ನನಗೆ ಚಿಕ್ಕದಾಗಿ ಅಡ್ಡಡ್ಡ ಒಳಗೆ ಬಂದೆ.

ಮುಂದಿನ ವಾರದಿಂದ ಪ್ರತಿ ಓಟಕ್ಕೆ ನನ್ನ ಬಸ್ಸಿಗೆ ಕೊಡುವ ಡೀಸೆಲ್ ಒಂದು ಕ್ಯಾನ್ ಕಡಿಮೆಯಾಯಿತು. "ಅದಿಲ್ದೇನೂ ಓಡತ್ತೆ ಅಂತ ನೀನೇ ತೋರ್ಸಿದ್ಯಲ್ಲ" ಎಂದರು ಸಾಹೇಬರು.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ಡಿಪೋದ ಮಂದಿಯೆಲ್ಲ ನನ್ನ ಕಡೆ ನೋಡುತ್ತಿದ್ದರು. "ಇದೇನ್ ಮಹಾ ಸಾರ್, ನೀರು ಹಾಕಿದ್ರೂ ಓಡಿಸ್ತೀನಿ. ಇದ್ರಲ್ಲೂ ಉಳಿಸ್ತೀನಿ" ಎಂದೆ. ಉಳಿಸಿಯೂ ತೋರಿಸಿದೆ. ಜನರನ್ನು ಬುಡಕ್ಕೆ ಮುಂಚೆಯೇ ಇಳಿಸಿ ಬಂದ ಓಟದಲ್ಲೇ ಅರ್ಧ ಏರು ಏರಿಸಿದೆ, ಪೈಪಿನ ಕೊನೆಯ ತೊಟ್ಟನ್ನೂ ಇಂಜಿನ್ ಕೈಲಿ ಕರುವಿನ ಹಾಗೆ ಚೀಪಿಸಿದೆ. ಆ ವಾರವೂ ಕ್ಯಾನು ಮೇಜಿನ ಮೇಲೆ ಕೂತಿತು. ಅದರ ಮುಂದಿನ ವಾರ ಮತ್ತೊಂದು ಕ್ಯಾನ್ ಕಡಿತ.

ಈಗ ಸಿಕ್ಕಿದ್ದರಲ್ಲಿ ನೆತ್ತಿ ಮುಟ್ಟುವುದು ಸಾಧ್ಯವೇ ಇರಲಿಲ್ಲ. ಯಾವ ವಿದ್ಯೆಯೂ ಸಾಲದು. ಎರಡು ಸಲ ಲೆಕ್ಕ ಹಾಕಿ ನೋಡಿದೆ. ಸಾಹೇಬರ ಮುಂದೆ ಹೋಗಿ ಕೈಮುಗಿದೆ.

"ಸಾರ್, ಇಷ್ಟ್ರಲ್ಲಿ ಆಗಲ್ಲ. ಕೊನೇ ಎರಡು ತಿರುವು ಹತ್ತೋದಿಲ್ಲ. ಅಕ್ಕನ್ನ ಆಸ್ಪತ್ರೆಗೆ ಮುಟ್ಟಿಸ್ಬೇಕು. ಹೋದ್ಸಲ ಯಂತ್ರ ಕೆಟ್ಟು ಹಾಗೇ ವಾಪಸ್ ಬಂದಿದ್ದಾಳೆ, ಈ ಸಲ ತಪ್ಪೋ ಹಾಗಿಲ್ಲ."

ಸಾಹೇಬರು ಬಿದ್ದು ಬಿದ್ದು ನಕ್ಕರು. "ಅಯ್ಯೋ ಹೋಗಯ್ಯಾ! ನೀರು ಹಾಕಿದ್ರೂ ಓಡಿಸ್ತೀನಿ ಅಂದಿದ್ದು ಯಾರು? ನೋಡ್ತಿರಿ, ಇದ್ರಲ್ಲೂ ಒಂದ್ ಕ್ಯಾನ್ ತಂದಿಡ್ತಾನೆ ಇವ್ನು!"

ಸುತ್ತ ನಿಂತವರೂ ನಕ್ಕರು. ಹುಟ್ಟಿದಾಗಿನಿಂದ ಉಪ್ಪು ಖಾರ ಹಾಕದೆ ನಾನಾಡಿದ ಮಾತು ಅದೊಂದೇ. ಅದನ್ನು ಒಬ್ಬರೂ ನಂಬಲಿಲ್ಲ. ನಾನು ಉಳಿಸಿಕೊಟ್ಟದ್ದು ಆಗಲೇ ಬೇರೆ ದಾರಿಯ ಗಾಡಿಗಳ ಹೊಟ್ಟೆ ಸೇರಿತ್ತು. ಊರಲ್ಲಿ ಹುಡುಕಿದೆ. ಬಂಕಿನ ಪೈಪುಗಳು ಗೋಡೆಗೆ ನೇತುಬಿದ್ದು ಒಣಗಿದ್ದವು.

ಬೆಳಿಗ್ಗೆ ಹೊರಟೆವು. ಅಕ್ಕನ ಕಣ್ಣು ಊದಿ ಗೆರೆಯಾಗಿದ್ದವು. ಚಪ್ಪಲಿ ಕಾಲಿಗೆ ಹತ್ತದೆ ಅವಳು ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದಳು. ಬುಡದಲ್ಲಿ ನಾನು ಕೂಗುವ ಮೊದಲೇ ಎಲ್ಲರೂ ಇಳಿದಿದ್ದರು. ಏರಿನುದ್ದಕ್ಕೂ ಇಂಜಿನ್‌ಗೆ ಲಾಲಿ ಹಾಡಿದೆ, ಬೈದೆ, ಕಾಲು ಹಿಡಿದೆ. ಕೊನೆಯ ಎರಡು ತಿರುವು ಉಳಿದಿವೆ ಎನ್ನುವಾಗ ಅದು ಕೆಮ್ಮಿತು, ನಡುಗಿತು, ನಿಂತಿತು. ಟ್ಯಾಂಕು ಬರಿದಾಗಿ ಪೈಪಿಗೆ ಗಾಳಿ ಹೊಕ್ಕಿತ್ತು.

ಭಾವ ಓಡಿ ಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ನೆತ್ತಿ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಗೆ ಮುಟ್ಟಿಸಿದರೆ ಸಾಕು, ಆಮೇಲೆ ಇಳಿಜಾರೇ ನಮ್ಮನ್ನು ಆಸ್ಪತ್ರೆಗೆ ಒಯ್ಯುತ್ತದೆ. ಎಲ್ಲರೂ ಹೆಗಲು ಕೊಟ್ಟರು. ಬಸ್ಸು ಒಂದು ಗೇಣು ಹೋಯಿತು, ಮತ್ತೆ ಕಲ್ಲಿನ ಮೇಲೆ ಒರಗಿತು.

"ನಾನೂ ಇಳೀತೀನಿ, ಹಗುರ ಆಗತ್ತೆ" ಎಂದಳು ಅಕ್ಕ.

"ನೀನ್ ಸುಮ್ನೆ ಕೂತ್ಕೊಳ್ಳೇ. ಹೂವಿನಷ್ಟೂ ಭಾರ ಇಲ್ಲ ನೀನು."

"ಮೈಯೆಲ್ಲ ನೀರು ತುಂಬಿದೆ ಕಣೋ. ಕೊಡ ಇದ್ದ ಹಾಗಿದೀನಿ."

ಅವಳನ್ನು ಇಳಿಸಿ ರಸ್ತೆಯ ಕಟ್ಟೆಯ ಮೇಲೆ ಕೂರಿಸಿದೆವು. ಮತ್ತೆ ದೂಡಿದೆವು. ಸೊಪ್ಪಿನಾಕೆಯ ಅಂಗೈ ಸುಲಿಯಿತು. ಬಸ್ಸಿನ ಹೊಟ್ಟೆಗೆ ಕಬ್ಬಿಣ ತುಂಬಿಟ್ಟವರು ಯಾರೋ, ಅದು ಅಲುಗಲಿಲ್ಲ. ಬಿಸಿಲು ನೆತ್ತಿಗೇರಿತು. ಜನ ಒಬ್ಬೊಬ್ಬರಾಗಿ ಮುಖ ತಪ್ಪಿಸಿಕೊಂಡು ಹೊರಟರು, ಕೆಲವರು ಆ ಕಡೆಗೆ, ಕೆಲವರು ಈ ಕಡೆಗೆ. ಸೊಪ್ಪಿನಾಕೆ ಕೊನೆಯವರೆಗೂ ನಿಂತಿದ್ದು, "ಪೇಟೇಲಿ ಯಾವ್ದಾದ್ರೂ ಗಾಡಿ ಸಿಕ್ರೆ ಕಳಿಸ್ತೀನಿ" ಎಂದು ನಡೆದಳು. ಪೇಟೆಯ ಗಾಡಿಗಳೂ ಎಣ್ಣೆಯಿಲ್ಲದೆ ನಿಂತಿವೆ ಎಂದು ಅವಳಿಗೂ ಗೊತ್ತಿತ್ತು.

ಭಾವ ರಸ್ತೆಯ ಎರಡೂ ತುದಿ ನೋಡಿದರು. ನನ್ನ ಮುಖ ನೋಡಲಿಲ್ಲ. ಒಂದು ಬೈಗುಳ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಬನ್ನಿ ಅಕ್ಕನ್ನ ಹೊತ್ಕೊಂಡು ನಡೆಯೋಣ. ಒಂದೇ ಉಸಿರಲ್ಲಿ ಪೇಟೆ ಮುಟ್ಟಿಸ್ತೀನಿ" ಎಂದೆ.

"ಇಳಿದು ಮುಟ್ಟೋ ಹೊತ್ತಿಗೆ ಕತ್ಲಾಗಿರತ್ತೆ" ಎಂದರು ಭಾವ. "ಅವಳ ಪಾಳಿ ಮುಗಿದಿರತ್ತೆ. ಯಂತ್ರಕ್ಕೆ ಬೇರೆಯವರನ್ನ ಹಾಕಿರ್ತಾರೆ."

ಅಕ್ಕ ಉಸಿರಿಗಾಗಿ ಒಂದೊಂದೇ ಮಾತಿನ ನಡುವೆ ನಿಲ್ಲುತ್ತಿದ್ದಳು. "ರೀ... ಮನೆಗೆ ಕರ್ಕೊಂಡ್ಹೋಗಿ. ಅಲ್ಲಾದ್ರೆ... ಮಲಗ್ಬಹುದು."

ಭಾವ ಅವಳ ಮುಂದೆ ಮಂಡಿಯೂರಿ ಬೆನ್ನು ಕೊಟ್ಟರು. ನಾನು ಅವಳನ್ನು ಎತ್ತಿ ಕೂರಿಸಿದೆ. ಅವಳ ತೋಳಿನ ಮೇಲೆ ನನ್ನ ಬೆರಳು ಒತ್ತಿದಲ್ಲಿ ಗುಂಡಿ ಬಿತ್ತು, ಮತ್ತೆ ತುಂಬಲಿಲ್ಲ. ಭಾವ ಎದ್ದರು, ನೆತ್ತಿಗೆ ಬೆನ್ನು ಹಾಕಿ ನಾವು ಬಂದ ದಾರಿಯಲ್ಲೇ ಇಳಿಯತೊಡಗಿದರು. ನಾನು ಚಪ್ಪಲಿ ಹಿಡಿದುಕೊಂಡು ಹಿಂದೆ ನಡೆದೆ.