ಮಾವನ ಬಿಳಿ ಗೆರೆ

ಎಂಬತ್ತರ ವೇಗದವರೆಗೆ ನನ್ನ ಪಿಕಪ್ ಚಿನ್ನದಂಥ ಗಾಡಿ. ಎಂಬತ್ತೈದು ದಾಟಿತೋ, ಸೀಟಿನ ಕೆಳಗಿಂದ ನಡುಕ ಶುರು. ತೊಂಬತ್ತಕ್ಕೆ ಬಂದರೆ ಕೂತವರ ಮಾತೂ ನಡುಗುತ್ತದೆ. ಗಾಜಿನ ಕಾರ್ಖಾನೆಯ ಮೇಲ್ವಿಚಾರಕಿ ನನ್ನ ಪಕ್ಕ ಕೂತು, ಹಿಂದೆ ಚೌಕಟ್ಟಿನಲ್ಲಿ ನಿಲ್ಲಿಸಿದ್ದ ಗಾಜಿನ ಹಲಗೆ ಕಿಟಕಿಟ ಅನ್ನುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಸಾಕು, ತಿರುಗಿಸಿ," ಎಂದರು. ಅದು ಎರಡನೆಯ ಪರೀಕ್ಷೆ. ಮೊದಲನೆಯದರಲ್ಲಿ ಹಲಗೆಯ ಮೂಲೆಯೇ ಒಡೆದಿತ್ತು.

"ಗಾಡಿ ನೀವೇ ಕೈಯಾರೆ ಕಟ್ಟಿದ್ದು ಅಂತ ಗೊತ್ತು. ಆದ್ರೆ ನನ್ನ ಗಾಜಿಗೆ ಅದು ಗೊತ್ತಿಲ್ವಲ್ಲ," ಎಂದರು ಇಳಿಯುವಾಗ. "ಶುಕ್ರವಾರ ಇನ್ನೊಂದ್ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಬೇರೆ ಗಾಡಿ ಹುಡುಕ್ಕೋತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇರಲು ನಾನೇನು ಕಲ್ಲೇ? ಹದಿನೆಂಟು ವರ್ಷ ಬೇರೆಯವರ ಗಾಡಿಗಳ ಕೆಳಗೆ ಅಂಗಾತ ಮಲಗಿ ಕಣ್ಣಿಗೆ ತುಕ್ಕು ಉದುರಿಸಿಕೊಂಡವಳು. ನಲವತ್ತೊಂದಕ್ಕೆ ಒಂದೇ ಒಂದು ಆಸೆ ಹುಟ್ಟಿತ್ತು. ಇನ್ನು ಗಾಡಿಯ ಕೆಳಗಲ್ಲ, ಗಾಡಿಯ ಒಳಗೆ ಕೂತು, ಕಿಟಕಿ ಇಳಿಸಿಕೊಂಡು, ರಸ್ತೆ ನೋಡುತ್ತಾ ದುಡಿಯಬೇಕು. ಗುಜರಿಗೆ ಹೊರಟಿದ್ದ ಪಿಕಪ್ ಒಂದನ್ನು ತಂದು, ಒಂದೂವರೆ ವರ್ಷ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು, ಜೀವ ಬರಿಸಿದ್ದೆ. ಕಾರ್ಖಾನೆಯ ಗಾಜು ಸಾಗಿಸುವ ಕೆಲಸ ಸಿಕ್ಕರೆ ನನ್ನ ಆಸೆ ನೆರವೇರಿತು, ಇಲ್ಲದಿದ್ದರೆ ಮತ್ತೆ ತುಕ್ಕೇ ಗತಿ.

ಗ್ಯಾರೇಜು ನನ್ನ ಸೋದರಮಾವನದು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು ಅವನೇ. ಈ ವಯಸ್ಸಿನಲ್ಲೂ ನನ್ನನ್ನು ಗುಬ್ಬಿ ಅಂತಲೇ ಕರೆಯುತ್ತಾನೆ. ಎಂಬತ್ತು ಕೇಜಿಯ ಗುಬ್ಬಿ ಎಲ್ಲಾದರೂ ಉಂಟೇ ಎಂದು ಗಿರಾಕಿಗಳು ನಗುತ್ತಾರೆ. ಸದ್ದು ಕೇಳಿ ರೋಗ ಹೇಳುವುದರಲ್ಲಿ ಮಾವ ಎತ್ತಿದ ಕೈ. ರಸ್ತೆಯಾಚೆ ಹೋಗುವ ಬಸ್ಸಿನ ಯಾವ ಚಕ್ರದ ಬೇರಿಂಗ್ ಸವೆದಿದೆ ಎಂದು ಚಹಾ ಕುಡಿಯುತ್ತಲೇ ಹೇಳಬಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅವನಿಗೆ ಸಿಟ್ಟೇ ಬರುವುದಿಲ್ಲ. ಇಬ್ಬರೂ ಒಂದೇ ಸೂರಿನ ಕೆಳಗೆ ಹದಿನೆಂಟು ವರ್ಷ ಬಾಳಿದ್ದಕ್ಕೆ ಅದೇ ಕಾರಣ ಅಂದುಕೊಂಡಿದ್ದೆ.

ಇನ್ನೊಂದು ಕಾರಣ, ಗೆರೆ. ನಮ್ಮ ಗ್ಯಾರೇಜಿನಲ್ಲಿ ಯಾವುದೇ ಬೋಲ್ಟನ್ನು ಕೊನೆಯ ಸಲ ಬಿಗಿದ ಮೇಲೆ, ಯಾವುದೇ ಎರಡು ಭಾಗ ಜೋಡಿಸಿದ ಮೇಲೆ, ಅದರ ಮೇಲೆ ಸಣ್ಣ ಕುಂಚದಲ್ಲಿ ಅಡ್ಡ ಗೆರೆ ಎಳೆಯಬೇಕು. ಮಾವನದು ಬಿಳಿ, ನನ್ನದು ಹಳದಿ. ಗೆರೆ ಎಳೆದೆ ಅಂದರೆ ನಾನು ನೋಡಿದ್ದೇನೆ, ಸರಿಯಾಗಿದೆ, ಇದಕ್ಕೆ ನಾನು ಹೊಣೆ ಎಂದರ್ಥ. ಒಬ್ಬರು ಗೆರೆ ಎಳೆದದ್ದನ್ನು ಇನ್ನೊಬ್ಬರು ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಮುಖಕ್ಕೆ ಉಗಿದ ಹಾಗೆ. ಶಾಲೆಯ ವ್ಯಾನಿನ ಡ್ರೈವರ್ ಪ್ರತಿ ಸಲವೂ ಹೊರಡುವ ಮುಂಚೆ, "ನಿಮ್ಮ ಮಾವ ಬ್ರೇಕ್ ಮಾಡಿದ್ದಾರೆ, ಹೋಗ್ಲಾ?" ಎಂದು ನನ್ನನ್ನು ಕೇಳುತ್ತಿದ್ದ. ನಾನು ತಲೆ ಕೂಡ ಎತ್ತದೆ, "ಬಿಳಿ ಗೆರೆ ಇದೆಯಲ್ಲ, ಹೊರಡಿ," ಅನ್ನುತ್ತಿದ್ದೆ. ಇಪ್ಪತ್ತು ಮಕ್ಕಳು ಕೂರುವ ಗಾಡಿಗೆ ನಾನು ಕೊಡುತ್ತಿದ್ದ ಭರವಸೆ ಅಷ್ಟೇ, ಅದು ಸಾಕಾಗಿತ್ತು.

ಪಿಕಪ್ ಮೊದಲು ನಡುಗುತ್ತಿರಲಿಲ್ಲ ಎನ್ನುವುದೇ ನನ್ನ ತಲೆ ತಿಂದ ವಿಷಯ. ಕೆಲಸ ಮುಗಿದ ದಿನ ಹೆದ್ದಾರಿಯಲ್ಲಿ ನೂರರವರೆಗೆ ಓಡಿಸಿ ನೋಡಿದ್ದೆ, ಹಾಲು ಕುಡಿದಷ್ಟು ನೆಮ್ಮದಿಯಾಗಿತ್ತು. ಆಮೇಲೆ ಎರಡು ದಿನ ಜ್ವರ ಬಂದು ಮನೆಯಲ್ಲಿ ಮಲಗಿದೆ. ಎದ್ದು ಬಂದು ಕಾರ್ಖಾನೆಗೆ ಒಯ್ದರೆ ಈ ನಡುಕ.

"ನೀನೇನಾದ್ರೂ ಮುಟ್ಟಿದ್ಯಾ?" ಎಂದು ಮಾವನನ್ನು ಕೇಳಿದ್ದೆ.

"ನಿನ್ನ ಗಾಡೀನ ನಾನ್ಯಾಕೆ ಮುಟ್ಲಿ? ಟೈರೇ ಇರ್ಬೇಕು ಗುಬ್ಬಿ. ನಿಂತಲ್ಲೇ ನಿಂತು ಒಂದು ಕಡೆ ಚಪ್ಪಟೆ ಆಗಿರುತ್ತೆ."

ಸರಿ, ಟೈರಿಗೆ ಬಿದ್ದೆ. ನಾಲ್ಕನ್ನೂ ಬಿಚ್ಚಿ ಯಂತ್ರದಲ್ಲಿ ತಿರುಗಿಸಿ ತೂಕ ಸರಿದೂಗಿಸಿದೆವು. ನಡುಕ ಹೋಗಲಿಲ್ಲ. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿದೆ. ಟೈರಿನದೇ ದೋಷವಾಗಿದ್ದರೆ ನಡುಕವೂ ಜಾಗ ಬದಲಿಸಿ ಸ್ಟಿಯರಿಂಗಿಗೆ ಬರಬೇಕಿತ್ತು. ಬರಲಿಲ್ಲ, ಸೀಟಿನ ಕೆಳಗೇ ಠಿಕಾಣಿ ಹೂಡಿತ್ತು. ತೊಂಬತ್ತರಲ್ಲಿ ಓಡುತ್ತಿರುವಾಗಲೇ ಗೇರ್ ತೆಗೆದು ಎಂಜಿನ್ನನ್ನು ಸುಮ್ಮನೆ ತಿರುಗಲು ಬಿಟ್ಟೆ, ಆಗಲೂ ನಡುಗಿತು. ಅಲ್ಲಿಗೆ ಎಂಜಿನ್ನಿನ ತಪ್ಪಲ್ಲ ಎಂದಾಯಿತು. ಪ್ರತಿ ಸಲವೂ ಮಾವ ನನ್ನ ಪಕ್ಕದಲ್ಲೇ ಕೂತಿದ್ದ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತಲೆಯಾಡಿಸಿ, "ಟೈರೇ," ಅನ್ನುತ್ತಿದ್ದ. ಹೊಸ ಟೈರು ಹಾಕಿದ ಮೇಲೂ, "ರಿಮ್ ಇರ್ಬೇಕು," ಎಂದ. ನನಗೂ ಹೌದೆನ್ನಿಸಿತು. ಆ ಕಿವಿಯನ್ನು ನಂಬದೆ ಇನ್ಯಾರನ್ನು ನಂಬಲಿ?

ಒಮ್ಮೆ ನಾನೇ ಅಂದೆ, "ಶಾಫ್ಟ್ ಒಂದ್ಸಲ ನೋಡ್ಬಿಡ್ಲಾ?"

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ ಅದು. ನನ್ನ ಗಾಡಿಯಲ್ಲಿ ಅದಕ್ಕೆ ಎರಡು ತುಂಡು, ಒಂದರ ಹಲ್ಲುಗಳು ಇನ್ನೊಂದರೊಳಗೆ ಕೂರುತ್ತವೆ. ಎರಡೂ ತುಂಡುಗಳ ತುದಿಯ ಕವಲುಗಳು ಒಂದೇ ನೇರಕ್ಕೆ ಇರಬೇಕು. ಹಲ್ಲು ತಪ್ಪಿಸಿ ಕೂರಿಸಿದರೆ ನಿಧಾನಕ್ಕೆ ಹೋಗುವಾಗ ಏನೂ ಗೊತ್ತಾಗುವುದಿಲ್ಲ, ವೇಗ ಏರಿದಾಗ ಗಾಡಿಯೇ ಕುಣಿಯುತ್ತದೆ. ಅದಕ್ಕೇ ಜೋಡಿಸಿದ ಮೇಲೆ ಎರಡಕ್ಕೂ ಸೇರಿಸಿ ಹಳದಿ ಗೆರೆ ಎಳೆದಿದ್ದೆ.

"ತಪ್ಪು ತಿಳ್ಕೋಬೇಡ, ಬೆಳಿಗ್ಗೆ ತಾನೇ ನೋಡ್ದೆ," ಎಂದ ಮಾವ. "ಗೆರೆಗೆ ಗೆರೆ ಕೂತಿದೆ. ಸುಮ್ನೆ ಬಟ್ಟೆ ಕೊಳೆ ಮಾಡ್ಕೋಬೇಡ."

ನೋಡಿದ್ದೇನೆ ಅಂದ ಮೇಲೆ ಮುಗಿಯಿತು. ನಾನು ಬಗ್ಗಲಿಲ್ಲ.

ಗುರುವಾರ ಮಧ್ಯಾಹ್ನ ಮಾವ ಹಲ್ಲು ಕೀಳಿಸಿಕೊಳ್ಳಲು ಹೋದ. ನಾನೊಬ್ಬಳೇ. ಮರುದಿನವೇ ಕೊನೆಯ ಪರೀಕ್ಷೆ, ತಲೆ ಕೆಟ್ಟುಹೋಗಿತ್ತು. ಹಿಂದಿನ ಆಕ್ಸಲ್ಲನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಎರಡು ಚಕ್ರವನ್ನೂ ಬಿಚ್ಚಿ ಗೋಡೆಗೆ ಒರಗಿಸಿದೆ. ಡ್ಯಾಶ್‌ಬೋರ್ಡಿನ ಮೇಲೆ ನೀರಿನ ಲೋಟ ಇಟ್ಟು, ಟಾಪ್ ಗೇರಿನಲ್ಲಿ ವೇಗದ ಮುಳ್ಳು ತೊಂಬತ್ತಕ್ಕೆ ಬರುವವರೆಗೆ ಆಕ್ಸಿಲರೇಟರ್ ಒತ್ತಿದೆ. ಲೋಟದ ನೀರು ಚೆಲ್ಲಿ ನನ್ನ ಮಡಿಲಿಗೆ ಬಂತು.

ಟೈರೂ ರಿಮ್ಮೂ ಗೋಡೆಗೆ ಒರಗಿ ತೆಪ್ಪಗೆ ಕೂತಿವೆ, ಗಾಡಿ ನಡುಗುತ್ತಿದೆ! ಹನ್ನೊಂದು ದಿನ ಅವುಗಳ ಹಿಂದೆ ಓಡಿದ್ದೆನಲ್ಲ. ಎಂಜಿನ್ ಆರಿಸಿದೆ. ಉಳಿದದ್ದು ಶಾಫ್ಟ್ ಒಂದೇ, ಅದನ್ನು ಮಾವ ನೋಡಿದ್ದಾನೆ. ಟಾರ್ಚ್ ಹಿಡಿದುಕೊಂಡು ಸುಮಾರು ಹೊತ್ತು ನಿಂತೆ. ಕಳ್ಳತನಕ್ಕೆ ಹೊರಟವಳ ಹಾಗೆ ಬಾಗಿಲ ಕಡೆ ಕೂಡ ನೋಡಿದೆ. ಆಮೇಲೆ ಕೆಳಗೆ ತೂರಿದೆ.

ಗೆರೆಗೆ ಗೆರೆ ಕೂತಿತ್ತು. ನೇರವಾಗಿ, ತೆಳ್ಳಗೆ, ಕೊನೆಯಲ್ಲಿ ಸಣ್ಣ ಬಾಲ ಎಳೆದು. ಆದರೆ ಬಿಳಿ.

ಟಾರ್ಚಿನ ಬೆಳಕಿಗೆ ಹಾಗೆ ಕಾಣುತ್ತಿರಬಹುದು ಎಂದು ಸೀಮೆಎಣ್ಣೆ ಬಟ್ಟೆಯಲ್ಲಿ ಗ್ರೀಸ್ ಒರೆಸಿದೆ. ಬಿಳಿ ಬಿಳಿಯೇ. ನನ್ನ ಹಳದಿ ಗೆರೆಯನ್ನು ಯಾರೋ ಉಜ್ಜಿ ತೆಗೆದಿದ್ದರು. ಚೂರು ಹಳದಿ ಕಬ್ಬಿಣದ ಸಂದಿಯಲ್ಲಿ ಉಳಿದಿತ್ತು, ಮುಂದಿನ ತುಂಡಿನಲ್ಲಿ ಒಂದು ಕಡೆ, ಹಿಂದಿನದರಲ್ಲಿ ಮೂರು ಹಲ್ಲು ಆಚೆಗೆ. ಕವಲುಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು. ಯಾರೋ ಅಂತ ಯಾಕೆ ಹೇಳಲಿ? ಆ ಬಾಲವನ್ನು ಹದಿನೆಂಟು ವರ್ಷ ನೋಡಿದ್ದೇನೆ.

ಅಲ್ಲೇ ಅಂಗಾತ ಮಲಗಿ ಅತ್ತೆ. ಕಣ್ಣೀರು ಕಿವಿಗೆ ಇಳಿಯಿತು. ಆಮೇಲೆ ಎದ್ದು ಟೂಲ್ ಪೆಟ್ಟಿಗೆಯ ಮೇಲೆ ಕೂತೆ.

ಮಾವ ದವಡೆಗೆ ಹತ್ತಿ ತುರುಕಿಸಿಕೊಂಡು, ಕೆನ್ನೆ ಊದಿಸಿಕೊಂಡು ಬಂದ. ಗೋಡೆಗೆ ಒರಗಿದ ಚಕ್ರ ನೋಡಿದ. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದ. ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ.

"ಯಾವತ್ತು ಬಿಚ್ಚಿದ್ದು?" ಎಂದೆ.

"ನಿಂಗೆ ಜ್ವರ ಇತ್ತಲ್ಲ. ಎರಡನೇ ದಿನ."

"ಯಾಕೆ?"

"ಭುಜ ಹೋಗಿದೆ ಗುಬ್ಬಿ. ಒಂದು ವರ್ಷದಿಂದ ಗೇರ್‌ಬಾಕ್ಸ್ ಎತ್ತೋಕಾಗ್ತಿಲ್ಲ. ನೀನು ಹೋದ್ರೆ ಬಾಗಿಲು ಹಾಕ್ಬೇಕು."

"ಹಾಗಂತ ಹೇಳೋಕೆ ಬಾಯಿರಲಿಲ್ವಾ? ಹೋಗ್ಬೇಡ ಅಂತ ಒಂದು ಮಾತು ಅಂದಿದ್ಯಾ?"

"ಅಂದ್ರೆ ನೀನು ಇದ್ದುಬಿಡ್ತಿದ್ದೆ. ಆಮೇಲೆ ಸಾಯೋವರೆಗೂ ನನ್ನಿಂದ ಹೀಗಾಯ್ತು ಅಂತ ಮುಖ ಊದಿಸ್ಕೊಂಡಿರ್ತಿದ್ದೆ. ಗಾಡಿ ಸರಿ ಹೋಗ್ಲಿಲ್ಲ ಅಂದ್ರೆ ಯಾರ ಮೇಲೂ ಸಿಟ್ಟಿಲ್ಲ."

ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದ! ನನ್ನ ಆಸೆಯೂ ಮುರಿಯಬೇಕು, ಮುರಿದವನ ಪಕ್ಕದಲ್ಲೇ ಕೂತು ನಾನು ಚಹಾವನ್ನೂ ಕುಡಿಯಬೇಕು. ಆ ಹನ್ನೊಂದು ದಿನ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದವನು ನಡುಕವನ್ನು ಹುಡುಕುತ್ತಿರಲಿಲ್ಲ, ನನ್ನ ಮುಖ ನೋಡಲಾಗದೆ ಮುಚ್ಚಿಕೊಳ್ಳುತ್ತಿದ್ದ. ಹೇಳಿದ್ದರೆ ಇರುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳುವ ಅವಕಾಶವನ್ನೂ ಅವನು ಕೊಡಲಿಲ್ಲ.

"ಮತ್ತೆ ಗೆರೆ ಯಾಕೆ ಎಳೆದೆ?" ಎಂದೆ. "ಎಳೀದೆ ಇದ್ದಿದ್ರೆ ನೀನೇ ಅಂತ ಗೊತ್ತೇ ಆಗ್ತಿರಲಿಲ್ಲ. ನಾನಿಲ್ದಾಗ ಯಾರೋ ಕೈ ಹಾಕಿದ್ದಾರೆ ಅಂದ್ಕೋತಿದ್ದೆ."

ಮಾವ ತನ್ನ ಕೈಗಳನ್ನು ನೋಡಿಕೊಂಡ. "ಬಿಗಿದಾದ್ಮೇಲೆ ಏಳೋಕೆ ಹೋದೆ. ಗೆರೆ ಇಲ್ದೆ ಬಿಟ್ಟು ಏಳೋಕೆ ಕೈ ಒಪ್ಪಲಿಲ್ಲ."

"ಅಷ್ಟು ಮಾಡೋಕೆ ಒಪ್ಪಿತಾ?"

ನಾನು ಸ್ಪ್ಯಾನರ್ ತೆಗೆದುಕೊಂಡು ಕೆಳಗೆ ಹೋದೆ. ಶಾಫ್ಟ್ ಬಿಚ್ಚಿ, ಮೂರು ಹಲ್ಲು ಹಿಂದಕ್ಕೆ ತಂದು, ಕವಲುಗಳನ್ನು ನೇರ ಮಾಡಿ, ಬಿಗಿದು, ಬಿಳಿಯನ್ನು ಉಜ್ಜಿ ತೆಗೆದು ಹಳದಿ ಎಳೆದೆ. ಮುಕ್ಕಾಲು ಗಂಟೆಯ ಕೆಲಸ. ಅಷ್ಟು ಹೊತ್ತೂ ಮಾವ ನಿಂತೇ ಇದ್ದ. ಸಹಾಯಕ್ಕೆ ಕೈ ಚಾಚಿದಾಗ ಬೇಡ ಅಂದೆ.

ಶುಕ್ರವಾರ ತೊಂಬತ್ತೈದಕ್ಕೆ ಏರಿಸಿದೆ. ಮೇಲ್ವಿಚಾರಕಿ ಹಿಂದಕ್ಕೆ ತಿರುಗಿ ಗಾಜನ್ನು ನೋಡಿದರು, ಕಿವಿಗೊಟ್ಟು ಕೇಳಿದರು, ಆಮೇಲೆ ನಕ್ಕರು.

"ಏನಿತ್ತು ರೋಗ?"

"ಶಾಫ್ಟ್ ಮೂರು ಹಲ್ಲು ತಪ್ಪಿ ಕೂತಿತ್ತು."

"ಅಯ್ಯೋ, ಯಾರು ಹಾಗೆ ಕೂರ್ಸಿದ್ದು?"

"ಕೆಲಸ ಗೊತ್ತಿರೋರೇ," ಎಂದೆ.

ಸೋಮವಾರದಿಂದ ಬನ್ನಿ ಎಂದರು. ಈ ಮಾತು ಕೇಳಿದ ದಿನ ಹಾರ್ನ್ ಒತ್ತಿಕೊಂಡೇ ಊರೆಲ್ಲ ಸುತ್ತಬೇಕು ಅಂದುಕೊಂಡಿದ್ದೆ. ಕಿಟಕಿ ಇಳಿಸಿದ್ದೆ, ರಸ್ತೆ ಎದುರಿಗೇ ಇತ್ತು, ಸಂತೋಷ ಮಾತ್ರ ಬರಲಿಲ್ಲ. ದಾರಿಯುದ್ದಕ್ಕೂ ಇಲ್ಲದ ನಡುಕಕ್ಕೆ ಕಿವಿಗೊಟ್ಟುಕೊಂಡೇ ಬಂದೆ.

ಶನಿವಾರ ನನ್ನ ಸಾಮಾನು ತೆಗೆದುಕೊಳ್ಳಲು ಗ್ಯಾರೇಜಿಗೆ ಹೋದೆ. ಶಾಲೆಯ ವ್ಯಾನು ನಿಂತಿತ್ತು. ಮಾವ ಅದರ ಬ್ರೇಕ್ ಕೆಲಸ ಮುಗಿಸಿ, ಕುಂಚವನ್ನು ಡಬ್ಬಿಗೆ ಅದ್ದಿ ತೊಳೆಯುತ್ತಿದ್ದ. ನನ್ನನ್ನು ನೋಡಿ, "ಚಹಾ ಹೇಳ್ಲಾ?" ಎಂದ. ನಾನು ಪೆಟ್ಟಿಗೆ ಎತ್ತಿಕೊಂಡೆ. ವ್ಯಾನಿನ ಡ್ರೈವರ್ ತನ್ನ ಸೀಟಿಗೆ ಹತ್ತುತ್ತಾ ಎಂದಿನಂತೆ ಕೂಗಿದ.

"ನಿಮ್ಮ ಮಾವ ಬ್ರೇಕ್ ಮಾಡಿದ್ದಾರೆ, ಹೋಗ್ಲಾ?"

ಎಂದಿನ ಉತ್ತರ ನಾಲಿಗೆಯ ತುದಿಯವರೆಗೆ ಬಂತು, ಅಲ್ಲೇ ನಿಂತಿತು. ಕಣ್ಣ ಮುಂದೆ ಇಪ್ಪತ್ತು ಸ್ಕೂಲ್ ಬ್ಯಾಗುಗಳು ಬಂದವು. ಪೆಟ್ಟಿಗೆ ಕೆಳಗಿಟ್ಟೆ, ಟಾರ್ಚ್ ಮತ್ತು ಸ್ಪ್ಯಾನರ್ ತೆಗೆದುಕೊಂಡೆ, ಮಾವನ ಎದುರಿಗೇ ವ್ಯಾನಿನ ಕೆಳಗೆ ತೂರಿದೆ.

ಒಂದೊಂದೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿದೆ. ಬ್ರೇಕ್ ಎಣ್ಣೆಯ ಕೊಳವೆಯ ಒಂದೊಂದು ತಿರುವನ್ನೂ ಬೆರಳಿನಿಂದ ಸವರಿ ನೋಡಿದೆ. ಕೆಳಗಿನಿಂದ ಮಾವನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು, ಮೊದಲನೆಯ ಚಕ್ರದ ಹತ್ತಿರ. ನಾನು ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅಲ್ಲಿರಲಿಲ್ಲ. ಒಳಗಿನ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಎಲ್ಲವೂ ಸರಿಯಾಗಿತ್ತು. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪ್ರತಿ ಬೋಲ್ಟಿನ ಮೇಲೂ ಬಿಳಿ ಗೆರೆ, ಕೊನೆಯಲ್ಲಿ ಸಣ್ಣ ಬಾಲ.

ಹೊರಗೆ ಬಂದು ಮೊಣಕೈ ಒರೆಸಿಕೊಂಡೆ. ಡ್ರೈವರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಹೊರಡಿ," ಎಂದೆ. "ನಾನು ನೋಡಿದ್ದೀನಿ."