ಮಿಲ್ಲಿನ ಗ್ರೀಸು

ರಿಪೇರಿ ಮೇಜಿನ ಕುರ್ಚಿ ಖಾಲಿಯಾಗಿ ಇಪ್ಪತ್ತು ದಿನವಾಗಿತ್ತು. ಶಿವಮೊಗ್ಗದ ದುರ್ಗಿಗುಡಿಯ ಆ ಕಂಪ್ಯೂಟರ್ ಅಂಗಡಿಯಲ್ಲಿ ತನುಜಾ ಎರಡು ವರ್ಷದಿಂದ ಬಿಲ್ ಮಾಡುತ್ತಿದ್ದಳು. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಗುಜರಿಗೆ ಹಾಕಿದ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿ, ಕಟ್ಟಿ, ಕೆಲಸ ಕಲಿತಿದ್ದಳು. ಆ ಕುರ್ಚಿ ನನಗೆ ಕೊಡಿ ಎಂದು ಕೇಳಿದಾಗ ಮಾಲೀಕ ರೇಣುಕಾಪ್ರಸಾದ್ ನಕ್ಕ.

“ನೀನು ಬಿಲ್ಲಿಂಗ್‌ನೋಳು ಮಾರಾಯ್ತಿ. ನಿಂಗೇನು ಗೊತ್ತಾಗತ್ತೆ?”

ಅದೇ ವಾರ ಭದ್ರಾವತಿಯ ನಿಶಾಂತ್ ಕೆಲಸ ಕೇಳಿಕೊಂಡು ಬಂದ. ಡಿಪ್ಲೊಮಾ ಮುಗಿಸಿದ್ದ. ಮಾತು ಕಡಿಮೆ, ಕೈ ಚುರುಕು. ಅವನ ಬಳಿಯೂ ತನುಜಾಳ ಬಳಿಯೂ ಒಂದೇ ಮಾಡೆಲ್ಲಿನ ಗೇಮಿಂಗ್ ಲ್ಯಾಪ್‌ಟಾಪ್ ಇದೆಯೆಂದು ತಿಳಿದಾಗ ರೇಣುಕಾಪ್ರಸಾದನಿಗೆ ಮೋಜು ಹತ್ತಿತು.

“ಶನಿವಾರ ಇಬ್ರೂ ತನ್ನಿ. ಬೆಂಚ್‌ಮಾರ್ಕ್ ಓಡ್ಸೋಣ, ಮೂರು ಸಲ. ಎಷ್ಟು ಬೇಕಾದ್ರೂ ಓವರ್‌ಕ್ಲಾಕ್ ಮಾಡ್ಕೊಳ್ಳಿ. ಆದ್ರೆ ತೊಂಬತ್ತು ಡಿಗ್ರಿ ದಾಟಿದ್ರೆ ಆ ಓಟ ಲೆಕ್ಕಕ್ಕಿಲ್ಲ. ಮೂರೂ ಕೂಡಿಸಿ ಜಾಸ್ತಿ ಅಂಕ ತಗೊಂಡೋರಿಗೆ ಕುರ್ಚಿ.”

ಬೆಂಚ್‌ಮಾರ್ಕ್ ಎಂದರೆ ಯಂತ್ರಕ್ಕೆ ಹತ್ತು ನಿಮಿಷ ಬಿಡುವಿಲ್ಲದೆ ಚಿತ್ರ ಬರೆಸಿ ಅಂಕ ಹಾಕುವುದು. ಓವರ್‌ಕ್ಲಾಕ್ ಎಂದರೆ ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದು. ವೇಗ ಏರಿದಷ್ಟೂ ಬಿಸಿ. ಆದ್ದರಿಂದ ಗೆಲ್ಲುವುದು ತಂಪು ಇಟ್ಟವರು.

ತನುಜಾ ಹೊಸಮನೆ ಬಡಾವಣೆಯ ತನ್ನ ಕೋಣೆಯಲ್ಲಿ ಮೂರು ಸಂಜೆ ಕೂತಳು. ಫ್ಯಾನಿನ ಧೂಳು ತೆಗೆದಳು. ಚಿಪ್ಪಿಗೂ ಶಾಖ ಎಳೆಯುವ ತಾಮ್ರದ ತಟ್ಟೆಗೂ ನಡುವೆ ಶಾಖ ದಾಟಿಸುವ ಹೊಸ ಪೇಸ್ಟ್ ಹಚ್ಚಿದಳು. ಕೆಳಗೆ ಗಾಳಿಯಾಡಲೆಂದು ಹಿಂಬದಿಗೆ ಎರಡು ಸೋಡಾ ಮುಚ್ಚಳ ಅಂಟಿಸಿದಳು. ಒಂಬತ್ತು ಸಾವಿರದ ಇನ್ನೂರರ ಆಸುಪಾಸಿನಿಂದ ಮೇಲೆ ಅಂಕ ಏರಲಿಲ್ಲ. ಏರಿಸಿದರೆ ತೊಂಬತ್ತೆರಡು ಡಿಗ್ರಿ.

ಗುರುವಾರ ಮಾಲೀಕ ಅವಳನ್ನು ಭದ್ರಾವತಿಗೆ ಒಂದು ಪ್ರಿಂಟರ್ ಕೊಟ್ಟು ಬರಲು ಕಳಿಸಿದ. ದಾರಿಯಲ್ಲಿ ಸಿಕ್ಕ ನಿಶಾಂತ್ ಟೀ ಕುಡಿದು ಹೋಗು ಎಂದು ಮನೆಗೆ ಕರೆದ. ನಡುಮನೆಯಲ್ಲಿ ಅವನ ಲ್ಯಾಪ್‌ಟಾಪ್ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಅವನಪ್ಪ ಯೋಗರಾಜ್, ಕೈಯಲ್ಲಿ ತಗಡಿನ ಡಬ್ಬಿ. ಇಪ್ಪತ್ತಾರು ವರ್ಷ ರೋಲಿಂಗ್ ಮಿಲ್ಲಿನಲ್ಲಿ ಗುತ್ತಿಗೆ ಫಿಟ್ಟರ್ ಆಗಿದ್ದವನು.

“ತೊಂಬತ್ತು ಡಿಗ್ರಿಗೆ ಇಷ್ಟು ಗಾಬ್ರಿನಾ? ನಮ್ಮ ಮಿಲ್ಲಲ್ಲಿ ಅಷ್ಟಕ್ಕೆ ಟೀನೂ ಕುದಿಯಲ್ಲ. ಈ ಗ್ರೀಸ್ ನೋಡಮ್ಮ, ಕೆಂಪಗೆ ಕಾದ ಬೇರಿಂಗಿಗೆ ಹಚ್ತಿದ್ವಿ. ಇವನು ಬೇಡ ಅಂತಾನೆ.”

“ಅಪ್ಪ, ಅದು ಕಬ್ಬಿಣಕ್ಕೆ. ಇದು ಚಿಪ್ಪು,” ಎಂದ ನಿಶಾಂತ್.

“ನೀನು ಸುಮ್ನಿರೋ. ಅಂಗಡಿಯೋಳು ಇದಾಳಲ್ಲ, ಹೇಳ್ಲಿ.”

ತನುಜಾ ಡಬ್ಬಿ ಇಸಿದುಕೊಂಡಳು. ಬೆರಳಿಗೆ ಕಪ್ಪು ಹತ್ತಿತು. ಗ್ರಾಫೈಟ್. ಶಾಖ ಸಾಗಿಸುತ್ತದೆ, ಕರೆಂಟನ್ನೂ ಸಾಗಿಸುತ್ತದೆ. ಕಾದು ತೆಳ್ಳಗಾಗಿ ಚಿಪ್ಪಿನ ಅಂಚಿನ ಬಿಡಿಭಾಗಗಳ ಮೇಲೆ ಇಳಿದರೆ ಶಾರ್ಟ್ ಆಗಿ ಬೋರ್ಡೇ ಸುಡುತ್ತದೆ. ಆ ಮನೆಯಲ್ಲಿ ಇದು ಗೊತ್ತಿದ್ದದ್ದು ಅವಳೊಬ್ಬಳಿಗೆ.

“ಫ್ಯಾಕ್ಟರಿ ಮಾಲು ಅಂಕಲ್. ನಮ್ಮ ಪೇಸ್ಟ್ ಇದರ ಮುಂದೆ ಏನೂ ಅಲ್ಲ,” ಎಂದಳು. “ಜಿಪುಣತನ ಮಾಡ್ಬೇಡಿ. ಧಾರಾಳವಾಗಿ ಹಚ್ಚಿ.”

“ಕೇಳಿದ್ಯೇನೋ?” ಯೋಗರಾಜ್ ಮಗನ ತಲೆಗೆ ಮೊಟಕಿದ. ನಿಶಾಂತ್ ನಾಚಿಕೊಂಡು ನಕ್ಕ. ತನುಜಾ ಎರಡನೇ ಲೋಟ ಟೀ ಕುಡಿದು ಶಿವಮೊಗ್ಗದ ಬಸ್ಸು ಹತ್ತಿದಳು.

ಶನಿವಾರ ಹನ್ನೊಂದಕ್ಕೆ ರೇಣುಕಾಪ್ರಸಾದ್ ಎಸಿ ಆರಿಸಿದ. “ಗಿರಾಕಿ ಮನೇಲಿ ಎಸಿ ಇರತ್ತಾ? ಬೆವರಿ.” ಏಪ್ರಿಲ್ ತಿಂಗಳು. ಮಗನ ಗೆಲುವು ನೋಡಲೆಂದು ಯೋಗರಾಜ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

ತನುಜಾಳ ಮೂರು ಓಟ ಮುಗಿದವು. ಒಂಬತ್ತು ಸಾವಿರದ ಇನ್ನೂರ ಹನ್ನೆರಡು, ಒಂಬತ್ತು ಸಾವಿರದ ನೂರ ಎಂಬತ್ತು, ಒಂಬತ್ತು ಸಾವಿರದ ನೂರ ಎಪ್ಪತ್ತನಾಲ್ಕು. ಎಂಬತ್ತೊಂಬತ್ತು ಡಿಗ್ರಿ ದಾಟಲಿಲ್ಲ.

ನಿಶಾಂತನ ಮೊದಲ ಓಟ ಒಂಬತ್ತು ಸಾವಿರದ ನಾನ್ನೂರ ಅರವತ್ತು. ಎಂಬತ್ತನಾಲ್ಕು ಡಿಗ್ರಿ.

“ಏನು ಹಚ್ಚಿದೀಯೋ ಮಾರಾಯ?” ಎಂದ ಮಾಲೀಕ.

“ಮಿಲ್ಲಿನ ಗ್ರೀಸು ಸಾರ್. ನಂದೇ ಐಡಿಯಾ,” ಎಂದ ಯೋಗರಾಜ್.

ಎರಡನೆಯದೂ ಹಾಗೇ ಹೋಯಿತು. ತನುಜಾ ಬಿಲ್ ಪುಸ್ತಕದ ಮೂಲೆ ಮಡಚುತ್ತ ಕೂತಳು. ತಾನು ಲೆಕ್ಕ ತಪ್ಪಿದೆನೇ ಎಂದು ಮಾತ್ರ ಯೋಚಿಸಿದಳು. ಮೂರನೆಯದರ ಆರನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ಸಣ್ಣಗೆ ಟಕ್ ಎಂದಿತು. ಸುಟ್ಟ ವಾಸನೆ ಬಂತು. ನಿಶಾಂತ್ ಬಟನ್ ಒತ್ತಿದ, ಮತ್ತೆ ಒತ್ತಿದ.

“ಎಣ್ಣೆಯಲ್ಲಿ ಬೋಂಡ ಕರಿದ ಹಾಗಾಯ್ತಲ್ಲೋ,” ಎಂದು ರೇಣುಕಾಪ್ರಸಾದ್ ಹೊಟ್ಟೆ ಹಿಡಿದುಕೊಂಡು ನಕ್ಕ.

ನಿಶಾಂತ್ ಅಪ್ಪನತ್ತ ತಿರುಗಿದ. “ನೀನು ಕಬ್ಬಿಣ ತಿಕ್ಕಿದ್ದೇ ಸಾಕಿತ್ತು. ನನ್ನ ಲ್ಯಾಪ್‌ಟಾಪೂ ತಿಕ್ಕಿ ಹಾಕಿದೆ.” ಆಮೇಲೆ ತನುಜಾಳನ್ನು ನೋಡಿದ. “ನೀನೂ ಹಚ್ಚಿ ಅಂದೆ ಅಲ್ವಾ?”

“ನಾನು ಬಿಲ್ಲಿಂಗ್‌ನೋಳು,” ಎಂದಳು ತನುಜಾ. “ನಂಗೇನು ಗೊತ್ತಾಗತ್ತೆ?”

ಸೋಮವಾರ ಅವಳು ಆ ಕುರ್ಚಿಯಲ್ಲಿ ಕೂತಳು. ಮೊದಲ ಗಿರಾಕಿ ಯೋಗರಾಜ್. ಮಗ ಎರಡು ದಿನದಿಂದ ಅವನ ಜೊತೆ ಮಾತಾಡಿರಲಿಲ್ಲ. ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.

ತನುಜಾ ಬಿಚ್ಚಿದಳು. ಚಿಪ್ಪಿನ ಸುತ್ತ ಕಪ್ಪು ಗ್ರೀಸು ಕೆಸರಿನಂತೆ ಹರಡಿತ್ತು. ಒರೆಸಿದಳು, ಮೀಟರ್ ಇಟ್ಟು ನೋಡಿದಳು.

“ಬೋರ್ಡ್ ಸತ್ತಿದೆ ಅಂಕಲ್.”

“ಗ್ರೀಸಿಂದಾನಾ?”

“ಗ್ರೀಸಿಂದ್ಲೇ.”

ಅವನು ಮೇಜಿನ ಮೇಲಿದ್ದ ಪೇಸ್ಟಿನ ಟ್ಯೂಬನ್ನೇ ನೋಡುತ್ತಿದ್ದ. “ನೀವೆಷ್ಟು ಹಚ್ತೀರಮ್ಮ?”

“ಅಕ್ಕಿಕಾಳಿನಷ್ಟು.”

ಅವನು ಟ್ಯೂಬನ್ನು ಎತ್ತಿ ನೋಡಿ ಕೆಳಗಿಟ್ಟ. ಆಮೇಲೆ, “ನೀನು ಧಾರಾಳವಾಗಿ ಅಂದಿದ್ದೆ,” ಎಂದ. ದನಿ ಏರಿಸಲಿಲ್ಲ.

“ಕೆಂಪಗೆ ಕಾದ ಬೇರಿಂಗಿಗೆ ಹಚ್ಚಿದೋರು ನೀವು. ನಿಮಗೆ ನಾನು ಹೇಳ್ಕೊಡೋದಾ?”

ಯೋಗರಾಜ್ ಯಂತ್ರವನ್ನು ಮೇಜಿನ ಮೇಲೇ ಬಿಟ್ಟು ಟವೆಲ್ ಮಡಚಿಕೊಂಡ. ಹೊರಟವನು ಬಾಗಿಲಲ್ಲಿ ನಿಂತ. “ಅವನಿಗೆ ಒಂದು ಮಾತು ಹೇಳ್ತೀಯಾ? ನಿಮ್ಮಪ್ಪಂದೊಂದೇ ತಪ್ಪಲ್ಲ, ನಂದೂ ಇದೆ ಅಂತ. ಅಷ್ಟೇ. ನನ್ನ ಮಾತು ಕೇಳಲ್ಲ ಅವನು.”

“ಕೆಲಸ ಇದೆ ಅಂಕಲ್,” ಎಂದಳು.

ಅವನು ಹೋದ ಮೇಲೆ ಸತ್ತ ಯಂತ್ರದಿಂದ ಎರಡು ಫ್ಯಾನು ಬಿಚ್ಚಿದಳು. ತನ್ನವಕ್ಕಿಂತ ಹೊಸವು, ಸದ್ದೂ ಕಡಿಮೆ. ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿ ತನ್ನ ಚೀಲಕ್ಕೆ ಹಾಕಿಕೊಂಡಳು.